ಬಳ್ಳಾರಿಯಿಂದ ಸಿಂಗಪುರಕ್ಕೆ: ಅಜ್ಜಿ, ಮೊಮ್ಮಕ್ಕಳ ಸಮೇತ ಪ್ರವಾಸ ಹೊರಡುವ ಬಗೆ

ಮೊದಲ ಸಲ ವಿದೇಶಕ್ಕೆ ಹೊರಡುವ ಕುಟುಂಬಕ್ಕೆ, ಅದರಲ್ಲೂ ಎಪ್ಪತ್ತರ ಅಜ್ಜಿಯೂ ಐದು ವರ್ಷದ ಮೊಮ್ಮಗನೂ ಜೊತೆಗಿರುವ ಕುಟುಂಬಕ್ಕೆ, ಸಿಂಗಪುರದಷ್ಟು ಅನುಕೂಲವಾದ ಮಹಾನಗರ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಿಂದಲೂ ಹೈದರಾಬಾದಿನಿಂದಲೂ ನೇರ ವಿಮಾನಗಳಿದ್ದು, ನಾಲ್ಕು ಗಂಟೆ ಚಿಲ್ಲರೆಯ ಹಾರಾಟ ಮುಗಿಯುವಷ್ಟರಲ್ಲಿ ಊರು ಬಂದಿರುತ್ತದೆ. ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದು, ಇಡ್ಲಿ ದೋಸೆ ಸಿಗುತ್ತದೆ, ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ಆದರೂ ಅಲ್ಲಿಗೆ ಹೋಗಿಬಂದ ಎಷ್ಟೋ ಮನೆಗಳವರು ಕಾಲು ನೋವಿನ, ಮಕ್ಕಳ ರಗಳೆಯ ಕಥೆಯನ್ನೇ ಹೆಚ್ಚಾಗಿ ಹೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿಸಿ ರಾತ್ರಿ ಇಳಿಸುವ ಪ್ಯಾಕೇಜ್‌ಗಳ ವೇಳಾಪಟ್ಟಿಯೇ ಇದಕ್ಕೆ ಮುಖ್ಯ ಕಾರಣ.

ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಗಿನ ಎಂಟು ಗಂಟೆಯೆಂದರೆ ನಮ್ಮ ಮೈಗೆ ಇನ್ನೂ ಐದೂವರೆ. ಅಲ್ಲಿ ರಾತ್ರಿ ಒಂಬತ್ತೂವರೆಯೆಂದರೆ ನಮ್ಮ ಮಕ್ಕಳಿಗೆ ಏಳು ಗಂಟೆಯ ಹುರುಪು. ಭೂಮಧ್ಯರೇಖೆಗೆ ತೀರ ಹತ್ತಿರವಿರುವ ಆ ಊರಿನಲ್ಲಿ ವರ್ಷವಿಡೀ ಸುಮಾರು ಏಳಕ್ಕೆ ಬೆಳಕು ಹರಿದು ಸುಮಾರು ಏಳಕ್ಕೇ ಕತ್ತಲಾಗುತ್ತದೆ, ಮತ್ತು ನೋಡಲೇಬೇಕಾದ ಜಾಗಗಳಲ್ಲಿ ಹೆಚ್ಚಿನವು ದೀಪ ಹತ್ತಿದ ಮೇಲೆಯೇ ಚೆನ್ನ. ಆದ್ದರಿಂದ ಬೆಳಿಗ್ಗೆ ನಿಧಾನವಾಗಿ ಎದ್ದು, ಮಧ್ಯಾಹ್ನ ಕೋಣೆಯಲ್ಲಿ ಮಲಗಿ, ನಾಲ್ಕರ ನಂತರ ಹೊರಬೀಳುವಂತೆ ದಿನವನ್ನು ಹೊಂದಿಸಿಕೊಳ್ಳುವುದು ಈ ಪ್ರವಾಸದ ಗುಟ್ಟು. ಮುಂದೆ ಹೇಳುವ ಬಹುತೇಕ ಸಲಹೆಗಳಿಗೆ ಇದೇ ಆಧಾರ.

ಪಾಸ್‌ಪೋರ್ಟ್: ಹೆಸರಿನಿಂದ ಆರಂಭಿಸಿ

ಹೊರಡುವುದಕ್ಕೆ ಕನಿಷ್ಠ ನಾಲ್ಕು ತಿಂಗಳ ಮೊದಲೇ ಮನೆಯ ಎಲ್ಲರ ಆಧಾರ್, ಅಂಕಪಟ್ಟಿ, ಜನನ ಪ್ರಮಾಣಪತ್ರಗಳನ್ನು ಒಂದೆಡೆ ಹರಡಿಕೊಂಡು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ನಮ್ಮ ಕಡೆ ಒಂದು ದಾಖಲೆಯಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಷಿಯಲ್ ಇರುವುದು ಸಾಮಾನ್ಯ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಅದನ್ನು ಪೂರ್ತಿಯಾಗಿ ಬಿಡಿಸಿ ಬರೆಯಬೇಕು. ಹಳೆಯ ತಲೆಮಾರಿನವರಿಗೆ ಒಂದೇ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಉಳಿದಿದ್ದರೆ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ ವಿಮಾನದ ಟಿಕೆಟ್ ಮಾಡುವಾಗ ಆ ಖಾಲಿ ಜಾಗದಲ್ಲಿ ಏನು ತುಂಬಬೇಕೆಂಬುದು ಒಂದೊಂದು ವಿಮಾನ ಸಂಸ್ಥೆಗೆ ಒಂದೊಂದು ರೀತಿ, ಹಾಗಾಗಿ ದುಡ್ಡು ಕಟ್ಟುವ ಮೊದಲೇ ಅವರನ್ನು ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ತುಂಬಿ, ಹತ್ತಿರದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಮಯ ಕಾಯ್ದಿರಿಸಬಹುದು. 36 ಪುಟಗಳ ಪಾಸ್‌ಪೋರ್ಟ್‌ಗೆ ವಯಸ್ಕರಿಗೆ ₹1,500, ಹದಿನೆಂಟು ತುಂಬದ ಮಕ್ಕಳಿಗೆ ₹1,000 ಶುಲ್ಕವಿದೆ. ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷ ಮಾತ್ರ ಊರ್ಜಿತವಾಗಿರುತ್ತದೆ ಎಂಬುದನ್ನು ಮರೆಯಬಾರದು: ಹಿಂದೆ ಯಾವಾಗಲೋ ಮಾಡಿಸಿಟ್ಟದ್ದು ಪೆಟ್ಟಿಗೆಯಲ್ಲಿ ಇದ್ದರೂ ಅವಧಿ ಮುಗಿದಿರಬಹುದು, ಮತ್ತು ಪ್ರಯಾಣದ ಹೊತ್ತಿಗೆ ಎಲ್ಲರ ಪಾಸ್‌ಪೋರ್ಟ್‌ನಲ್ಲೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲೇಬೇಕು. ಹತ್ತನೇ ತರಗತಿ ಪಾಸಾಗದ, ಐವತ್ತು ದಾಟದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂಬ ನಮೂದು ಬೀಳುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಕೊಲ್ಲಿ ದೇಶಗಳೂ ಸೇರಿದಂತೆ ಕೆಲವು ದೇಶಗಳಿಗೆ ದುಡಿಯಲು ಹೋಗುವವರ ರಕ್ಷಣೆಗೆ ಇರುವ ನಿಯಮವಾಗಿದ್ದು, ಪ್ರವಾಸಕ್ಕೆ ಅಡ್ಡಿಯಲ್ಲ.

ದಿನಾಂಕ ಮತ್ತು ವೀಸಾ

ಶಾಲೆಗಳ ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗಿನ ಕಾಲ ಒಳ್ಳೆಯದು; ಜೂನ್ ತಿಂಗಳಲ್ಲಿ ಅಲ್ಲಿನ ಶಾಲೆಗಳಿಗೇ ರಜೆ ಇರುವುದರಿಂದ ಮೃಗಾಲಯ, ಆಟದ ತಾಣಗಳೆಲ್ಲ ಕಿಕ್ಕಿರಿದಿರುತ್ತವೆ. ನವೆಂಬರ್‌ನಿಂದ ಜನವರಿಯವರೆಗೆ ಮಳೆ ಹೆಚ್ಚು. ಬಳ್ಳಾರಿಯ ನಲವತ್ತು ಡಿಗ್ರಿ ಕಂಡವರಿಗೆ ಸಿಂಗಪುರದ ಮೂವತ್ತೆರಡು ಏನೂ ಅಲ್ಲ ಎನಿಸಬಹುದು, ಆದರೆ ನಮ್ಮದು ಒಣ ಬಿಸಿಲು, ಅಲ್ಲಿನದು ಬೆವರು ಆರದ ಸೆಕೆ. ಹತ್ತು ನಿಮಿಷ ನಡೆದರೆ ಅಂಗಿ ಮೈಗೆ ಅಂಟಿಕೊಳ್ಳುತ್ತದೆ.

ಭಾರತೀಯರಿಗೆ ವೀಸಾ ಕಡ್ಡಾಯ. ಅದನ್ನು ಸಿಂಗಪುರ ಸರ್ಕಾರದ ಮಾನ್ಯತೆ ಪಡೆದ ಏಜೆಂಟರ ಮೂಲಕ, 14ಎ ಎಂಬ ಅರ್ಜಿ ನಮೂನೆ ಹಾಗೂ ಬಿಳಿ ಹಿನ್ನೆಲೆಯ ಫೋಟೊ ಕೊಟ್ಟು ಪಡೆಯಬೇಕು. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಅದರ ಮೇಲೆ ಏಜೆಂಟರ ಸೇವಾ ಶುಲ್ಕ. ಏಜೆಂಟರು ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಆದಾಯ ತೆರಿಗೆ ವಿವರವನ್ನೂ ಕೇಳುವುದುಂಟು. ಭತ್ತ, ಹತ್ತಿ ಬೆಳೆದು ತೆರಿಗೆ ವಿವರ ಸಲ್ಲಿಸದೆ ಇರುವ ರೈತ ಕುಟುಂಬದವರು ಇದಕ್ಕೆ ಹಿಂಜರಿಯಬೇಕಿಲ್ಲ: ಕೃಷಿಯೇ ಆದಾಯದ ಮೂಲವೆಂದು ಅರ್ಜಿಯ ಜೊತೆಗಿನ ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ಬೆಳೆ ಮಾರಿದ ಹಣ ಜಮೆಯಾದ ಖಾತೆಯ ಸ್ಟೇಟ್‌ಮೆಂಟನ್ನು ಲಗತ್ತಿಸಬೇಕು. ಹಿಂದಿನ ವಾರ ಯಾರದೋ ಕೈಗಡ ತಂದು ಖಾತೆ ತುಂಬಿಸುವ ಉಪಾಯ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ.

ವೀಸಾ ಅಲ್ಲದೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಇನ್ನೊಂದು ಅರ್ಜಿ ಇದೆ. ಅಲ್ಲಿಗೆ ತಲುಪುವ ದಿನವೂ ಸೇರಿ ಮೂರು ದಿನಗಳೊಳಗೆ ಪ್ರತಿಯೊಬ್ಬರ ಹೆಸರಿನಲ್ಲೂ, ಎಳೆ ಮಗುವಿನ ಹೆಸರಿನಲ್ಲೂ ಸಹ, ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಪೂರ್ತಿ ಉಚಿತ. ಹಣ ಕೇಳುವ ಜಾಲತಾಣ ಸಿಕ್ಕಿತೆಂದರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಬೇಕು.

ಯಾವ ವಿಮಾನ ನಿಲ್ದಾಣ?

ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲೆಯವರಿಗೆ ಒಂದೇ ಉತ್ತರವಿಲ್ಲ. ರಾಯಚೂರಿನವರು ಬೆಂಗಳೂರನ್ನು ಮರೆತು ಹೈದರಾಬಾದಿನಿಂದಲೇ ಹಾರುವುದು ಲೇಸು, ಏಕೆಂದರೆ ಶಂಷಾಬಾದ್ ವಿಮಾನ ನಿಲ್ದಾಣ ಆ ನಗರದ ದಕ್ಷಿಣಕ್ಕಿದ್ದು, ಮೆಹಬೂಬ್‌ನಗರದ ರಸ್ತೆಯಲ್ಲಿ ಹೋದರೆ ಸುಮಾರು 200 ಕಿಲೋಮೀಟರ್‌ನಲ್ಲಿ, ನಗರದ ದಟ್ಟಣೆಗೆ ಸಿಗದೆ, ನಿಲ್ದಾಣವೇ ಎದುರಾಗುತ್ತದೆ. ಬಳ್ಳಾರಿಯವರಿಗೆ ಇದೇ ಅನುಕೂಲ ಬೆಂಗಳೂರಿನ ದಿಕ್ಕಿನಲ್ಲಿದೆ: ಅನಂತಪುರಕ್ಕೆ ಹೋಗಿ ಹೆದ್ದಾರಿ 44 ಹಿಡಿದರೆ ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ದೇವನಹಳ್ಳಿಗೆ ಬರುತ್ತೀರಿ, ಬೆಂಗಳೂರಿನ ಒಳಗೆ ಕಾಲಿಡುವ ಪ್ರಮೇಯವೇ ಬರುವುದಿಲ್ಲ. ಕೊಪ್ಪಳ, ಹೊಸಪೇಟೆಯ ಕಡೆಯವರು ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು, ಮೆಜೆಸ್ಟಿಕ್‌ವರೆಗೆ ಹೋಗದೆ ಯಲಹಂಕದಲ್ಲಿ ಇಳಿದರೆ ವಿಮಾನ ನಿಲ್ದಾಣ ಹತ್ತಿರವಾಗುತ್ತದೆ. ಬೆಂಗಳೂರಿನಿಂದ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ.

ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಚಿಕ್ಕ ವಿಮಾನದಲ್ಲಿ ದೊಡ್ಡ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಸಿಂಗಪುರದ ವಿಮಾನ ಹಿಡಿಯುವ ಆಲೋಚನೆ ಹಲವರಿಗೆ ಬರುತ್ತದೆ. ಎರಡೂ ಬೇರೆ ಬೇರೆ ಟಿಕೆಟ್‌ಗಳಾಗಿದ್ದರೆ, ಮೊದಲ ವಿಮಾನ ತಡವಾದದ್ದಕ್ಕೆ ಎರಡನೆಯ ಸಂಸ್ಥೆ ಹೊಣೆಯಾಗುವುದಿಲ್ಲ. ಹಾಗೆ ಹೋಗುವವರು ನಡುವೆ ಅರ್ಧ ದಿನದ ಅಂತರವನ್ನಾದರೂ ಇಟ್ಟುಕೊಳ್ಳಬೇಕು.

ಪೆಟ್ಟಿಗೆಯಲ್ಲಿ ಏನಿರಬಾರದು

ಏನು ಒಯ್ಯಬೇಕೆಂದು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ, ಏನು ಒಯ್ಯಬಾರದೆಂಬುದೇ ಸಿಂಗಪುರದ ಮಟ್ಟಿಗೆ ಮುಖ್ಯ. ಎಲ್ಲಕ್ಕಿಂತ ಮೊದಲು ಗಸಗಸೆ. ನಮ್ಮಲ್ಲಿ ಅಡುಗೆಮನೆಯ ಸಾಮಾನ್ಯ ಪದಾರ್ಥವಾದ ಇದು ಅಲ್ಲಿ ಮಾದಕವಸ್ತು ಕಾನೂನಿನ ಕಾರಣಕ್ಕೆ ನಿಷೇಧಿತ, ಮತ್ತು ಆ ಕಾನೂನು ಎಷ್ಟು ಕಠಿಣವೆಂಬುದು ಲೋಕಕ್ಕೇ ಗೊತ್ತು. ಡಬ್ಬಿಯಲ್ಲಿ ಬಿಡಿಯಾಗಿ ಯಾರೂ ಒಯ್ಯುವುದಿಲ್ಲ ನಿಜ, ಆದರೆ ಅನಾರಸದ ಮೇಲೆ, ಕರ್ಜಿಕಾಯಿಯ ಹೂರಣದಲ್ಲಿ, ಅಂಟಿನ ಉಂಡೆಯಲ್ಲಿ, ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಯಲ್ಲಿ ಅದು ಇದ್ದೇ ಇರುತ್ತದೆ. ಪ್ರೀತಿಯಿಂದ ಬುತ್ತಿ ಕಟ್ಟಿಕೊಡುವ ಬಂಧುಗಳಿಗೆ ಈ ಮಾತನ್ನು ಮೊದಲೇ ಹೇಳಿಡಬೇಕು.

ಗುಟ್ಕಾ, ಖೈನಿ ಮುಂತಾಗಿ ಅಗಿಯುವ ತಂಬಾಕು ಯಾವುದೂ ಕೂಡದು. ಇ-ಸಿಗರೇಟಿಗೂ ನಿಷೇಧವಿದೆ, ಚ್ಯೂಯಿಂಗ್ ಗಮ್ ತರುವುದನ್ನು 1992ರಿಂದಲೇ ತಡೆದಿದ್ದಾರೆ. ಸಾಮಾನ್ಯ ಸಿಗರೇಟಿಗೂ ಸುಂಕದ ವಿನಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಘೋಷಿಸಿ ಸುಂಕ ಕಟ್ಟಬೇಕು. ಹಿರಿಯರ ಬಿಪಿ, ಶುಗರ್ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಬಹುದು. ನಿದ್ರೆ ಮಾತ್ರೆ ಅಥವಾ ಕೊಡೀನ್ ಇರುವ ಕೆಮ್ಮಿನ ಔಷಧ ಒಯ್ಯಬೇಕಾದರೆ ಅಲ್ಲಿನ ಆರೋಗ್ಯ ಪ್ರಾಧಿಕಾರದ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕಾಗುತ್ತದೆ.

ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿಗಳನ್ನು ಮನೆಯ ಬಳಕೆಗೆ ತಕ್ಕಷ್ಟು ಒಯ್ದರೆ ಹಸಿದ ಹೊತ್ತಿಗೆ ಆಗುತ್ತವೆ. ವಿದ್ಯುತ್ ನಮ್ಮಲ್ಲಿರುವಂತೆ 230 ವೋಲ್ಟ್ ಆದರೂ ಪ್ಲಗ್ ಬೇರೆ, ಮೂರು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಒಂದಿರಲಿ. ಪ್ರತಿಯೊಬ್ಬರಿಗೂ ಕೊಡೆ ಇರಲಿ.

ಉಳಿಯುವ ಜಾಗವೇ ಅರ್ಧ ಪ್ರವಾಸ

ಹೋಟೆಲನ್ನು ಬೆಲೆ ನೋಡಿ ಆರಿಸುವ ಮೊದಲು ಎಂಆರ್‌ಟಿ ಎಂಬ ಮೆಟ್ರೊ ರೈಲಿನ ನಕ್ಷೆ ನೋಡಿ ಆರಿಸಬೇಕು. ನನ್ನ ಶಿಫಾರಸು ಲಿಟಲ್ ಇಂಡಿಯಾ. ಅಲ್ಲಿನ ನಿಲ್ದಾಣದಲ್ಲಿ ನೀಲಿ ಬಣ್ಣದ ಡೌನ್‌ಟೌನ್ ಮಾರ್ಗವೂ ನೇರಳೆ ಬಣ್ಣದ ಈಶಾನ್ಯ ಮಾರ್ಗವೂ ಸೇರುತ್ತವೆ. ನೀಲಿ ಮಾರ್ಗದಲ್ಲಿ ಒಂದು ಕಡೆಗೆ ಹೋದರೆ ಸಸ್ಯೋದ್ಯಾನ, ಇನ್ನೊಂದು ಕಡೆಗೆ ಹೋದರೆ ಮರೀನಾ ಕೊಲ್ಲಿಯ ಬೇಫ್ರಂಟ್. ನೇರಳೆ ಮಾರ್ಗದ ಕೊನೆಯಲ್ಲಿ ಸೆಂಟೋಸಾ ದ್ವೀಪಕ್ಕೆ ದಾರಿಯಾದ ಹಾರ್ಬರ್‌ಫ್ರಂಟ್. ಚೈನಾಟೌನ್ ಎರಡರಲ್ಲೂ ಸಿಗುತ್ತದೆ. ಹೀಗಾಗಿ ಮುಖ್ಯವಾದ ಜಾಗಗಳಲ್ಲಿ ಹೆಚ್ಚಿನವಕ್ಕೆ ರೈಲು ಬದಲಿಸದೆ ಹೋಗಬಹುದು, ಮತ್ತು ಮಧ್ಯಾಹ್ನ ಮಲಗಲು ಕೋಣೆಗೆ ಮರಳುವುದು ಭಾರವಾಗುವುದಿಲ್ಲ. ಮರೀನಾ ಕೊಲ್ಲಿಯ ದುಬಾರಿ ಹೋಟೆಲಿನಲ್ಲಿ ಉಳಿದವರಿಗೆ ಕಿಟಕಿಯಿಂದ ಕಾಣುವ ನೋಟ ಚೆನ್ನಾಗಿರುತ್ತದೆ, ಬೆಳಗಿನ ಇಡ್ಲಿಗೆ ಮಾತ್ರ ರೈಲು ಹತ್ತಬೇಕಾಗುತ್ತದೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಹೊಂದಿಕೊಳ್ಳುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಕೋಣೆಗೆ ಎಷ್ಟು ಜನ ಎಂಬುದನ್ನು ಕಾಯ್ದಿರಿಸುವಾಗಲೇ ಸರಿಯಾಗಿ ನಮೂದಿಸಬೇಕು.

ಎಂಆರ್‌ಟಿಯಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ನೇರವಾಗಿ ನಡೆಯುತ್ತದೆ, ಇಲ್ಲವಾದರೆ ಈಝಿ-ಲಿಂಕ್ ಕಾರ್ಡ್ ಕೊಳ್ಳಬೇಕು. ಒಂದೇ ಕಾರ್ಡನ್ನು ಇಬ್ಬರಿಗೆ ತೋರಿಸುವಂತಿಲ್ಲ, ಆಳಿಗೊಂದು ಬೇಕು. 90 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಗು ದೊಡ್ಡವರ ಜೊತೆ ಉಚಿತವಾಗಿ ಹೋಗಬಹುದು. ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಮೊಣಕಾಲು ನೋವಿನ ಹಿರಿಯರು ಎಸ್ಕಲೇಟರ್‌ಗೆ ಹೆದರಬೇಕಿಲ್ಲ. ರೈಲಿನಲ್ಲಿ ತಿನ್ನುವುದು, ಕುಡಿಯುವುದು ದಂಡದ ಅಪರಾಧ, 500 ಡಾಲರ್‌ವರೆಗೂ ಹಾಕಬಹುದು.

ಕಾರು ಹಿಡಿಯುವಾಗ ಒಂದು ವ್ಯತ್ಯಾಸ ತಿಳಿದಿರಬೇಕು: 1.35 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಆ್ಯಪ್ ಮೂಲಕ ಕರೆಸುವ ಖಾಸಗಿ ಕಾರುಗಳಲ್ಲಿ ಮಕ್ಕಳ ಆಸನ ಕಡ್ಡಾಯ, ಮೀಟರ್ ಟ್ಯಾಕ್ಸಿಗೆ ಮಾತ್ರ ಅದರಿಂದ ವಿನಾಯಿತಿ ಇದೆ. ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರಿಗಷ್ಟೇ ಜಾಗ. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಮೀಟರಿನ ಮೇಲೆ ಶೇಕಡಾ 50 ಹೆಚ್ಚುವರಿ ಬೀಳುತ್ತದೆ.

ದಿನದಿನದ ಯೋಜನೆ

ರಾತ್ರಿ ಹೊರಟ ವಿಮಾನ ಚಾಂಗಿ ನಿಲ್ದಾಣಕ್ಕೆ ಬೆಳಿಗ್ಗೆ ತಲುಪುತ್ತದೆ, ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನ ಎರಡು ಅಥವಾ ಮೂರಕ್ಕೆ. ಈ ನಡುವಿನ ಹೊತ್ತನ್ನು ತುಂಬಲು ಸೀದಾ ಊರು ಸುತ್ತಲು ಹೋಗುವುದು ತಪ್ಪು ಲೆಕ್ಕ. ಚಾಂಗಿಯಿಂದ ರೈಲಿನಲ್ಲಿ ಎಕ್ಸ್‌ಪೋ ನಿಲ್ದಾಣಕ್ಕೆ ಬಂದು, ಅಲ್ಲಿ ನೀಲಿ ಮಾರ್ಗಕ್ಕೆ ಬದಲಿಸಿದರೆ ಲಿಟಲ್ ಇಂಡಿಯಾದಲ್ಲೇ ಇಳಿಯಬಹುದು. ಪೆಟ್ಟಿಗೆಗಳನ್ನು ಹೋಟೆಲಿನವರ ವಶಕ್ಕೆ ಕೊಟ್ಟು, ತಿಂಡಿ ತಿಂದು, ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ ಗುಡಿಗೆ ಹೋಗಿಬರಬೇಕು. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಗಿನ ಹೊತ್ತೇ ಸರಿ. ಕೋಣೆ ಕೈಗೆ ಬಂದ ಕೂಡಲೇ ಎಲ್ಲರೂ ಮಲಗಿ, ಸಂಜೆ ಆರರ ಹೊತ್ತಿಗೆ ಬೇಫ್ರಂಟ್‌ಗೆ ಹೊರಡಬೇಕು.

ಅಲ್ಲಿರುವುದು 2012ರಲ್ಲಿ ತೆರೆದ ಗಾರ್ಡನ್ಸ್ ಬೈ ದ ಬೇ. ಹೊರಗಿನ ತೋಟಕ್ಕೂ, ಇಪ್ಪತ್ತೈದರಿಂದ ಐವತ್ತು ಮೀಟರ್ ಎತ್ತರದ ಸೂಪರ್‌ಟ್ರೀ ಎಂಬ ಉಕ್ಕಿನ ಮರಗಳ ಕೆಳಗೆ ಪ್ರತಿ ಸಂಜೆ 7:45ಕ್ಕೂ 8:45ಕ್ಕೂ ನಡೆಯುವ ಬೆಳಕಿನ ಕಾರ್ಯಕ್ರಮಕ್ಕೂ ಹಣ ಕೊಡಬೇಕಿಲ್ಲ. ಮೊದಲ ದಿನ ಇಷ್ಟೇ ಸಾಕು. ಹಿರಿಯರನ್ನು ಹುಲ್ಲಿನ ಮೇಲೋ ಕಟ್ಟೆಯ ಮೇಲೋ ಕೂರಿಸಿದರೆ ತಲೆಯೆತ್ತಿ ನೋಡುವುದಷ್ಟೇ ಕೆಲಸ. ಟಿಕೆಟ್ ಕೊಂಡು ನೋಡುವ ಎರಡು ಗಾಜಿನ ಮನೆಗಳಲ್ಲಿ ಒಂದನ್ನೇ ಆರಿಸಬೇಕಾದರೆ, 35 ಮೀಟರ್ ಎತ್ತರದ ಹಸಿರು ಗುಡ್ಡದಿಂದ ನೀರು ಧುಮುಕುವ ಕ್ಲೌಡ್ ಫಾರೆಸ್ಟ್ ಅನ್ನು ಆರಿಸಿ. ತಿಂಗಳಲ್ಲಿ ಒಂದು ದಿನ ದುರಸ್ತಿಗಾಗಿ ಇವನ್ನು ಮುಚ್ಚುವುದರಿಂದ ದಿನಾಂಕ ನೋಡಿಕೊಂಡು ಹೋಗಬೇಕು.

ಎರಡನೆಯ ದಿನ ಹತ್ತರ ಹೊತ್ತಿಗೆ ಸಸ್ಯೋದ್ಯಾನ. 1859ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತೋಟಕ್ಕೆ ಪ್ರವೇಶ ಉಚಿತ, ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ. ಸಂಜೆಗೆ ಸಿಂಹದ ತಲೆ, ಮೀನಿನ ಮೈಯ ಮರ್ಲಯನ್ ಪ್ರತಿಮೆ, ಮರೀನಾ ದಂಡೆಯ ನಡಿಗೆ. ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಐವತ್ತೇಳನೆಯ ಮಹಡಿಯ ಮೇಲಿನ ಸ್ಕೈಪಾರ್ಕಿಗೋ 165 ಮೀಟರ್ ಎತ್ತರದ ದೈತ್ಯ ಚಕ್ರವಾದ ಸಿಂಗಪುರ್ ಫ್ಲೈಯರ್‌ಗೋ ಹೋಗಬಹುದು. ಎರಡಕ್ಕೂ ಹೋಗುವುದು ಹಣ ದಂಡ, ಕಾಣುವ ಊರು ಅದೇ.

ಮೂರನೆಯ ದಿನವನ್ನು ಮಂಡಾಯ್‌ಗೆ ಮೀಸಲಿಡಬೇಕು. ಅಲ್ಲಿ 1973ರ ಮೃಗಾಲಯ, ನದಿ ಜೀವಿಗಳ ತಾಣ, 2023ರಲ್ಲಿ ತೆರೆದ ಪಕ್ಷಿಧಾಮ, ಮತ್ತು 1994ರಲ್ಲಿ ಲೋಕದ ಮೊದಲ ರಾತ್ರಿ ಮೃಗಾಲಯವೆಂದು ಆರಂಭವಾದ ನೈಟ್ ಸಫಾರಿ ಹತ್ತಿರ ಹತ್ತಿರವೇ ಇವೆ. ನಾಲ್ಕನ್ನೂ ಒಟ್ಟಿಗೆ ಸೇರಿಸಿದ ಟಿಕೆಟ್ ಅಗ್ಗವಾಗಿ ಕಂಡರೂ, ಮಧ್ಯಾಹ್ನದ ನಂತರ ಪಕ್ಷಿಧಾಮ ಅಥವಾ ಮೃಗಾಲಯದಲ್ಲಿ ಒಂದು, ಕತ್ತಲಾದ ಮೇಲೆ ನೈಟ್ ಸಫಾರಿ, ಇಷ್ಟನ್ನು ಮೀರಿದರೆ ಮಕ್ಕಳು ಹೆಗಲೇರುತ್ತಾರೆ. ನೈಟ್ ಸಫಾರಿಯಲ್ಲಿ ಟ್ರ್ಯಾಮ್‌ನಲ್ಲಿ ಕುಳಿತೇ ಪ್ರಾಣಿಗಳನ್ನು ನೋಡಬಹುದಾದ್ದರಿಂದ ಅಜ್ಜ ಅಜ್ಜಿಯರಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸುವುದು ಇದೇ. ಖತೀಬ್ ಎಂಆರ್‌ಟಿ ನಿಲ್ದಾಣದಿಂದ ಬಸ್ಸು ಇದೆ. ಮರಳುವಾಗ ಟ್ಯಾಕ್ಸಿಗೆ ಹಣ ಉಳಿಸಲು ಹೋಗಬೇಡಿ.

ನಾಲ್ಕನೆಯ ದಿನ ಸೆಂಟೋಸಾ. ಹಾರ್ಬರ್‌ಫ್ರಂಟ್‌ನಿಂದ ಕಾಲುದಾರಿಯಲ್ಲಿ ನಡೆದೂ ದ್ವೀಪ ಸೇರಬಹುದು, ಮೋನೊರೈಲಿನಲ್ಲೂ ಹೋಗಬಹುದು, ಕೇಬಲ್ ಕಾರೂ ಇದೆ. ಇಲ್ಲಿ ಕುಟುಂಬ ಎರಡು ಗುಂಪಾಗುವುದೇ ಜಾಣತನ. ಯೂನಿವರ್ಸಲ್ ಸ್ಟುಡಿಯೋಸ್‌ನ ಟಿಕೆಟ್ ದುಬಾರಿ. ಅದರ ದೊಡ್ಡ ಸವಾರಿಗಳಿಗೆ ಎತ್ತರದ ಮಿತಿ ಇರುವುದರಿಂದ ಐದು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಅದರ ಲಾಭ ಅಷ್ಟಿಲ್ಲ. ಹೈಸ್ಕೂಲಿನ ಮಕ್ಕಳು ಒಬ್ಬ ದೊಡ್ಡವರ ಜೊತೆ ಅಲ್ಲಿಗೆ ಹೋಗಲಿ, ಉಳಿದವರು ಮಧ್ಯಾಹ್ನ ಬಂದು 2025ರಲ್ಲಿ ಹೊಸ ರೂಪದಲ್ಲಿ ತೆರೆದ ಸಿಂಗಪುರ್ ಓಷನೇರಿಯಂ ನೋಡಿ, ಸಂಜೆ ಸಮುದ್ರದ ದಂಡೆಯಲ್ಲಿ ಎಲ್ಲರೂ ಸೇರಿಕೊಳ್ಳಲಿ. ಹಳೆಯ ಫೋಟೊಗಳಲ್ಲಿ ಕಾಣುವ ಸೆಂಟೋಸಾದ ದೊಡ್ಡ ಮರ್ಲಯನ್ ಈಗ ಇಲ್ಲ, ಅದನ್ನು ಕೆಡವಿದ್ದಾರೆ.

ಕೊನೆಯ ದಿನ ಸಾಮಾನು ಕಟ್ಟಿ, ವಿಮಾನಕ್ಕೆ ಐದಾರು ಗಂಟೆ ಇರುವಾಗಲೇ ಚಾಂಗಿಗೆ ಹೋಗಿ ನಿಲ್ದಾಣಕ್ಕೆ ಅಂಟಿಕೊಂಡಿರುವ ಜ್ಯುವೆಲ್ ಕಟ್ಟಡದೊಳಗಿನ 40 ಮೀಟರ್ ಜಲಪಾತವನ್ನು ನೋಡಬಹುದು. ಇದೇ ಐದು ದಿನದಲ್ಲಿ ಮಲೇಷ್ಯಾವನ್ನೂ ಮುಗಿಸಿಕೊಡುತ್ತೇವೆ ಎನ್ನುವ ಪ್ಯಾಕೇಜ್ ಸಿಕ್ಕರೆ ನಯವಾಗಿ ಬೇಡವೆನ್ನಿ.

ಊಟ

ಸಸ್ಯಾಹಾರಿಗಳಿಗೆ ಲಿಟಲ್ ಇಂಡಿಯಾದಲ್ಲಿ 1947ರಿಂದ ನಡೆದುಬಂದಿರುವ ಕೋಮಲ ವಿಲಾಸವೂ ಸೇರಿ ಹಲವು ಹೋಟೆಲುಗಳಿವೆ. ಮುಸ್ಲಿಂ ಕುಟುಂಬಗಳಿಗೆ ಬೂಗಿಸ್ ಹತ್ತಿರ ಸುಲ್ತಾನ್ ಮಸೀದಿಯ ಸುತ್ತಲಿನ ಬೀದಿಗಳು ಅನುಕೂಲ, ಹಲಾಲ್ ಪ್ರಮಾಣಪತ್ರವನ್ನು ಅಂಗಡಿಯ ಮುಂದೆಯೇ ತೂಗುಹಾಕಿರುತ್ತಾರೆ. ಹಾಕರ್ ಸೆಂಟರ್ ಎಂಬ ಸಾಲು ಅಂಗಡಿಗಳ ಜಾಗದಲ್ಲಿ ತಿನ್ನುವಾಗ ಬರೀ ತರಕಾರಿ ಕಂಡಿತೆಂದು ಸಸ್ಯಾಹಾರವೆಂದುಕೊಳ್ಳಬಾರದು, ಸಿಂಪಿ ಚಿಪ್ಪಿನ ಸಾಸ್ ಅಥವಾ ಒಣ ಸೀಗಡಿಯ ಚಟ್ನಿ ಬೆರೆತಿರಬಹುದು. ತಿಂದ ತಟ್ಟೆಯನ್ನು ತಾವೇ ಎತ್ತಿ ಅದಕ್ಕೆಂದು ಇರುವ ಕಪಾಟಿನಲ್ಲಿ ಇಡಬೇಕು, 2021ರಿಂದ ಅದೂ ಕಾನೂನು.

ಹಣ ಮತ್ತು ಮರಳುವಿಕೆ

ಯುಪಿಐ ನೆಚ್ಚಿಕೊಂಡು ಹೋಗಬೇಡಿ. ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡೊಂದನ್ನು ಪ್ಯಾನ್ ತೋರಿಸಿ ಮಾಡಿಸಿಕೊಂಡು, ಸ್ವಲ್ಪ ನಗದು ಸಿಂಗಪುರ ಡಾಲರನ್ನೂ ಇಟ್ಟುಕೊಂಡು, ಇರುವ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆಯನ್ನು ಊರಲ್ಲಿರುವಾಗಲೇ ಚಾಲೂ ಮಾಡಿಕೊಳ್ಳಿ. ಹಿರಿಯರಿದ್ದರೆ ಪ್ರಯಾಣ ವಿಮೆ ಬೇಕೇ ಬೇಕು, ಈಗಾಗಲೇ ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಆಂಬುಲೆನ್ಸ್‌ಗೆ 995, ಪೊಲೀಸರಿಗೆ 999.

ಮುಸ್ತಫಾ ಸೆಂಟರ್‌ನಂಥ ಅಂಗಡಿಯಲ್ಲಿ 100 ಡಾಲರ್ ಮೀರಿ ಖರೀದಿಸಿದರೆ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಮರುಪಾವತಿಗೆ ನಮೂದು ಮಾಡಿಸಿಕೊಳ್ಳಬೇಕು. ಆ ಸಾಮಾನು ಪೆಟ್ಟಿಗೆಯೊಳಗೆ ಹೋಗುವುದಾದರೆ, ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ಚಾಂಗಿಯ ಯಂತ್ರದಲ್ಲಿ ಅರ್ಜಿ ಮುಗಿಸಬೇಕು. ಸಂಜೆ ಹೊರಟ ವಿಮಾನ ರಾತ್ರಿ ಇಲ್ಲಿಗೆ ಬಂದಿಳಿಯುತ್ತದೆ. ನಿದ್ದೆಗೆಟ್ಟ ಚಾಲಕನೊಂದಿಗೆ ಅದೇ ರಾತ್ರಿ ಬಳ್ಳಾರಿಯ ಅಥವಾ ರಾಯಚೂರಿನ ದಾರಿ ಹಿಡಿಯದೆ, ನಿಲ್ದಾಣದ ಹತ್ತಿರ ಒಂದು ರಾತ್ರಿ ತಂಗಿ ಬೆಳಿಗ್ಗೆ ಹೊರಡಿ. ಪ್ಯಾಕೇಜ್ ಕೊಂಡವರಿಂದ ಟೂರ್ ಕಂಪನಿ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಎಂದು ಹಣ ಹಿಡಿದಿರುತ್ತದೆ. ಅದು ನಿಮ್ಮ ಪ್ಯಾನ್‌ಗೇ ಜಮೆಯಾಗಿ ನಿಮ್ಮ ತೆರಿಗೆ ಖಾತೆಯ ವಿವರದಲ್ಲಿ ಕಾಣುತ್ತದೆ. ಆ ವರ್ಷದ ಆದಾಯ ತೆರಿಗೆ ವಿವರ ಸಲ್ಲಿಸಿದರೆ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ತೆರಿಗೆಯೇ ಇಲ್ಲದವರು ಮರಳಿ ಪಡೆಯಬಹುದು.